ಹೊಟ್ಟೆ ಚಿಕ್ಕದಾದ ಮೇಲಿನ ವರ್ಷಗಳು

ಮಾತು ಶುರು ಮಾಡುವ ಮೊದಲೇ ಒಂದು ಚೀಟಿ ಬಂದಿದೆ. "ಡಾಕ್ಟ್ರೇ, ನನ್ನ ತೂಕ 118 ಕೆಜಿ. ಸ್ಲೀವ್, ಬೈಪಾಸ್, ಬಲೂನು ಅಂತ ಮೂರು ಕಡೆ ಮೂರು ಥರ ಹೇಳಿದರು. ಯಾವುದು ಸೇಫ್? ಒಂದೇ ಮಾತಲ್ಲಿ ಹೇಳಿ." ಹೆಸರು ಬರೆದಿಲ್ಲ. ಚೀಟಿ ನನ್ನ ಜೇಬಿನಲ್ಲಿ ಇರಲಿ. ಕೊನೆಗೆ ಇವರನ್ನೇ ಎಬ್ಬಿಸಿ ನಿಲ್ಲಿಸುತ್ತೇನೆ, ಮಧ್ಯದಲ್ಲಿ ಎದ್ದು ಹೋಗಬೇಡಿ.

ನಾನು ಸರ್ಜನ್ ಅಲ್ಲ, ಫಿಜಿಷಿಯನ್. ಸರ್ಜನ್ ತೂಕ ಇಳಿಸುವ ಆಪರೇಷನ್ ಮಾಡಿ ಮೂರನೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ವರ್ಷಕ್ಕೋ ಐದು ವರ್ಷಕ್ಕೋ ಸುಸ್ತು, ಕೂದಲು ಉದುರುತ್ತಿದೆ, ಎದೆ ಉರಿ ಅಂತ ಬರುವುದು ನನ್ನಂಥವರ ಹತ್ತಿರ. ಹಾಗಾಗಿ ನಾನು ನೋಡುವುದೆಲ್ಲ ನಂತರದ ವರ್ಷಗಳನ್ನೇ. ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲುತ್ತದೆ. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡು ಕೇಳಿ.

ಒಂದು ಗೊಂದಲವನ್ನು ಮೊದಲು ಬಗೆಹರಿಸಿಬಿಡೋಣ. ಲೈಪೋಸಕ್ಷನ್, ಅಂದರೆ ಕೊಬ್ಬು ಎಳೆಸುವುದು, ತೂಕ ಇಳಿಸುವ ಆಪರೇಷನ್ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರು, ನೆನಪಿರಬಹುದು. ಅದಾದ ಮೇಲೆ ಎಷ್ಟೋ ತಿಂಗಳು ನನ್ನ ರೋಗಿಗಳು "ನೀವು ಹೇಳೋದು ಅದೇ ಆಪರೇಷನ್ನಾ?" ಅಂತ ಕೇಳುತ್ತಿದ್ದರು. ಅಲ್ಲ. ಅದು ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಲ್ಲಿ ಎಳೆದು ಆಕಾರ ಸರಿ ಮಾಡುವುದು. ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ. ನಾವು ಇವತ್ತು ಮಾತಾಡುವುದು ಜಠರ, ಕರುಳಿನ ಆಪರೇಷನ್‌ಗಳ ಬಗ್ಗೆ.

ಯಾರಿಗೆ ಇದು? ಐದು ಅಡಿ ಮೂರು ಇಂಚು, ಅಂದರೆ 160 ಸೆಂಟಿಮೀಟರ್ ಎತ್ತರದ ಒಬ್ಬರನ್ನು ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಬಹುಕಾಲ ಬಳಸಿದ ಲೆಕ್ಕದಲ್ಲಿ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 37.5 ದಾಟಿರಬೇಕು, ಅಂದರೆ ಇವರ ತೂಕ 96 ಕೆಜಿ. ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ 32.5, ಅಂದರೆ 83 ಕೆಜಿ. 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್ ಸಂಘಗಳು ಏಷ್ಯಾದವರಿಗೆ 27.5 ಸಾಕು ಅಂದವು. ವಿಮೆ ಕಂಪನಿಗಳ ಷರತ್ತು ಇನ್ನೂ 40, ತೀವ್ರ ಕಾಯಿಲೆ ಇದ್ದರೆ 35. ಡಾಕ್ಟರು ಹೂಂ ಅಂದರೂ ವಿಮೆಯವರು ಊಹೂಂ ಅನ್ನುವುದು ಈ ಅಂತರದಿಂದ.

ಈಗ "ಸೇಫ್" ಅನ್ನುವ ಮಾತಿಗೆ ಬರುತ್ತೇನೆ. ಜನ ಸೇಫಾ ಅಂತ ಕೇಳಿದಾಗ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಟೇಬಲ್ ಮೇಲೆ ಸಾಯುತ್ತೀನಾ? ನ್ಯಾಯವಾದ ಪ್ರಶ್ನೆಯೇ. ಅಮೆರಿಕದಲ್ಲಿ 4,776 ಜನರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು 2009ರಲ್ಲಿ ಬಂತು. ಮೊದಲ 30 ದಿನಗಳಲ್ಲಿ ಸತ್ತವರು ಸಾವಿರಕ್ಕೆ 3 ಜನ. ಹೊಟ್ಟೆ ಸೀಳಿ ಬೈಪಾಸ್ ಮಾಡಿದವರಲ್ಲಿ ಅದು ನೂರಕ್ಕೆ 2ರಷ್ಟಿತ್ತು. ಸಣ್ಣ ತೂತುಗಳ ಮೂಲಕ ಮಾಡಿದವರಲ್ಲಿ ಸಾವಿರಕ್ಕೆ 2. ಈಗ ಹೆಚ್ಚುಕಮ್ಮಿ ಎಲ್ಲ ಕಡೆ ತೂತಿನ ಆಪರೇಷನ್ನೇ.

ಅದೇ ಅಧ್ಯಯನದಲ್ಲಿ ಬ್ಯಾಂಡ್ ಹಾಕಿಸಿಕೊಂಡವರೂ ಇದ್ದರು. ಜಠರದ ಮೇಲ್ಭಾಗಕ್ಕೆ ಸಿಲಿಕಾನ್ ಪಟ್ಟಿ ಕಟ್ಟುವುದು, ಬೇಕಾದ ಹಾಗೆ ಬಿಗಿ ಮಾಡುವುದು. ಜಠರ ಕತ್ತರಿಸುವ ಹಾಗಿಲ್ಲ, ಕರುಳು ಮುಟ್ಟುವ ಹಾಗಿಲ್ಲ. ಅವರಲ್ಲಿ 30 ದಿನದೊಳಗೆ ಸತ್ತವರು ಎಷ್ಟು ಗೊತ್ತಾ? ಸೊನ್ನೆ. ಇದಕ್ಕಿಂತ ಸೇಫ್ ಬೇಕಾ? ಆದರೆ ಇವತ್ತು ಬ್ಯಾಂಡ್ ಹಾಕುವ ಸರ್ಜನ್ ಸಿಗುವುದೇ ಕಷ್ಟ. ಪಟ್ಟಿ ಜಾರಿತು, ಕೆಲವರಲ್ಲಿ ಜಠರದ ಗೋಡೆ ಕೊರೆದು ಒಳಗೇ ಹೋಯಿತು, ಇನ್ನು ಕೆಲವರಿಗೆ ನುಂಗಿದ್ದೆಲ್ಲ ವಾಂತಿ. ತೂಕವೂ ಅಷ್ಟಕ್ಕಷ್ಟೇ ಇಳಿಯಿತು. ಹಾಕಿಸಿಕೊಂಡ ಎಷ್ಟೋ ಜನ ಅದನ್ನು ತೆಗೆಸಲು ಮತ್ತೆ ಆಪರೇಷನ್ ಟೇಬಲ್ ಹತ್ತಿದರು. ಮೊದಲ ತಿಂಗಳಲ್ಲಿ ಎಲ್ಲಕ್ಕಿಂತ ಸೇಫ್ ಅನಿಸಿದ್ದೇ ಹತ್ತು ವರ್ಷದಲ್ಲಿ ಮೂಲೆಗೆ ಬಿತ್ತು.

ಇದಕ್ಕಿಂತ ಹಳೆಯ ಕಥೆ ಇನ್ನೂ ಕೆಟ್ಟದು. 1950ರ ದಶಕದಿಂದ 70ರ ದಶಕದವರೆಗೆ ಅಮೆರಿಕದಲ್ಲಿ ಸಣ್ಣ ಕರುಳಿನ ಬಹುಪಾಲನ್ನು ಬದಿಗಿಟ್ಟು, ಮೊದಲ ಗೇಣನ್ನು ಕೊನೆಯ ಗೇಣಿಗೆ ಹೊಲಿಯುವ ಆಪರೇಷನ್ ನಡೆಯಿತು. ತೂಕ ಇಳಿದದ್ದು ನೋಡಿ ಎಲ್ಲರಿಗೂ ಖುಷಿ. ಕೆಲವು ವರ್ಷ ಕಳೆದ ಮೇಲೆ ಲಿವರ್ ಕೈಕೊಡತೊಡಗಿತು, ಮೂತ್ರಪಿಂಡದಲ್ಲಿ ಕಲ್ಲು. ಕೊನೆಗೆ ಆ ಆಪರೇಷನ್ನನ್ನೇ ಕೈಬಿಟ್ಟರು. ಮೊದಲ ತಿಂಗಳ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಹಠ ಹಿಡಿಯುವುದು ಇಂಥದ್ದಕ್ಕೇ.

ಸ್ಲೀವ್‌ಗೆ ಬರೋಣ. ಈ ಬೋರ್ಡ್ ಮೇಲೆ ಜಠರ ಬರೆಯುತ್ತೇನೆ. ನನ್ನ ಚಿತ್ರ ಚೆನ್ನಾಗಿಲ್ಲ, ನೀರು ತುಂಬಿದ ಚರ್ಮದ ಚೀಲ ಅಂದುಕೊಳ್ಳಿ. ಸ್ಲೀವ್‌ನಲ್ಲಿ ಈ ಉಬ್ಬಿದ ಭಾಗವನ್ನೆಲ್ಲ, ಅಂದರೆ ಮುಕ್ಕಾಲು ಪಾಲಿಗೂ ಜಾಸ್ತಿ, ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ಬರುವುದು ಆ ತೆಗೆದ ಭಾಗದಿಂದಲೇ. ಹಾಗಾಗಿ ಶುರುವಿನಲ್ಲಿ ಹಸಿವೇ ಆಗುವುದಿಲ್ಲ. ಕರುಳಿನ ತಂಟೆಗೆ ಹೋಗುವುದಿಲ್ಲ, ಆಪರೇಷನ್ ಬೇಗ ಮುಗಿಯುತ್ತದೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವುದು ಇದೇ.

ಇದರ ತಕ್ಷಣದ ಅಪಾಯ, ಸ್ಟೇಪಲ್ ಹಾಕಿದ ಉದ್ದನೆ ಗೆರೆ ಎಲ್ಲೋ ಬಿಟ್ಟುಕೊಂಡು ಸೋರುವುದು. ನೂರಕ್ಕೆ ಒಂದರ ಆಸುಪಾಸು. ಹೆಚ್ಚಾಗಿ ತುತ್ತತುದಿಯಲ್ಲಿ, ಅನ್ನನಾಳ ಸೇರುವ ಜಾಗದ ಹತ್ತಿರ. ತೊಂದರೆ ಏನೆಂದರೆ ಎಷ್ಟೋ ಸಲ ಅದು ಕಾಣಿಸಿಕೊಳ್ಳುವುದು ಮನೆಗೆ ಹೋದ ಮೇಲೆ. ಜ್ವರ, ಎಡ ಭುಜದಲ್ಲಿ ನೋವು, ಸುಮ್ನೆ ಕೂತಿದ್ದರೂ ನಾಡಿ 120ರ ಮೇಲೆ ಓಡುವುದು. ಇದು ಕಂಡರೆ "ನಾಳೆ ನೋಡೋಣ" ಅನ್ನಬಾರದು. ಇನ್ನೊಂದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಅದು ಯಾವ ಆಪರೇಷನ್‌ನಲ್ಲೂ ಇರುವ ಅಪಾಯ. ಅದಕ್ಕೇ ಅದೇ ದಿನ ಸಂಜೆ ನರ್ಸ್ ಬಂದು ಎಬ್ಬಿಸಿ ನಡೆಸುತ್ತಾರೆ. ಬೈದುಕೊಂಡಾದರೂ ನಡೆಯಿರಿ.

ಆದರೆ ಸ್ಲೀವ್‌ನ ನಿಜವಾದ ಬೆಲೆ ನಿಧಾನಕ್ಕೆ ಗೊತ್ತಾಗುವುದು. ಚೀಲ ಹೋಗಿ ಕೊಳವೆ ಆಯಿತು ಅಂದೆನಲ್ಲ. ಕೊಳವೆಯೊಳಗೆ ಒತ್ತಡ ಜಾಸ್ತಿ. ಕೆಳಗೆ ಬಾಗಿಲು ಮುಚ್ಚಿದ್ದರೆ ಆಮ್ಲ ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಫಿನ್‌ಲೆಂಡ್‌ನಲ್ಲಿ 240 ಜನರಿಗೆ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಸ್ಲೀವ್, ಅರ್ಧ ಜನಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ಹಿಂಬಾಲಿಸಿದರು. ಹತ್ತು ವರ್ಷದ ನಂತರ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ, ಹಾಕಿ ನೋಡಿದರೆ ಅನ್ನನಾಳದಲ್ಲಿ ಉರಿಯೂತ ಇದ್ದದ್ದು ಸ್ಲೀವ್‌ನವರಲ್ಲಿ ನೂರಕ್ಕೆ 31 ಜನಕ್ಕೆ, ಬೈಪಾಸ್‌ನವರಲ್ಲಿ 7 ಜನಕ್ಕೆ. ಹೆಚ್ಚುವರಿ ತೂಕದಲ್ಲಿ ಇಳಿದದ್ದು ಸ್ಲೀವ್‌ನಲ್ಲಿ ನೂರಕ್ಕೆ 43ರಷ್ಟು, ಬೈಪಾಸ್‌ನಲ್ಲಿ 50ರಷ್ಟು. ತೂಕದ ವ್ಯತ್ಯಾಸ ಅಂಥ ದೊಡ್ಡದಲ್ಲ. ಎದೆ ಉರಿಯ ವ್ಯತ್ಯಾಸ ದೊಡ್ಡದು.

ಕತ್ತರಿಸಿ ತೆಗೆದ ಜಠರ ವಾಪಸ್ ಬರುವುದಿಲ್ಲ. ಎದೆ ಉರಿ ತಡೆಯಲಾಗದೆ ಸ್ಲೀವ್‌ನಿಂದ ಬೈಪಾಸ್‌ಗೆ ಹೋದವರು ನನ್ನ ಬಳಿ ಬರುತ್ತಾರೆ. ಎರಡು ಆಪರೇಷನ್, ಎರಡು ಖರ್ಚು. ಮೊದಲೇ ಯಾರಾದರೂ ಒಂದು ಎಂಡೋಸ್ಕೋಪಿ ಮಾಡಿ "ನಿಮಗೆ ಈಗಾಗಲೇ ಆಮ್ಲ ಮೇಲೆ ಬರುತ್ತಿದೆ" ಅಂದಿದ್ದರೆ ಇದು ತಪ್ಪುತ್ತಿತ್ತು ಅನಿಸುತ್ತದೆ.

ಇನ್ನು ಬೈಪಾಸ್. ಬೈಪಾಸ್ ಅಂದ ಕೂಡಲೇ ಎದೆ ಮುಟ್ಟಿಕೊಳ್ಳುತ್ತೀರಿ. ಇದು ಹೊಟ್ಟೆಯ ಬೈಪಾಸ್. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ 1960ರ ದಶಕದಲ್ಲಿ ಶುರು ಮಾಡಿದ್ದು. ಅಲ್ಸರ್ ರೋಗಿಗಳಿಗೆ ಜಠರ ಕತ್ತರಿಸಿದಾಗ ಅವರು ಸೊರಗುವುದನ್ನು ನೋಡಿ ಹೊಳೆದ ಉಪಾಯ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಎರಡು ದೊಡ್ಡ ಚಮಚ ಔಷಧಿ ಅಂದುಕೊಳ್ಳಿ, ಅಷ್ಟೇ. ಕರುಳನ್ನು ಕತ್ತರಿಸಿ ಮೇಲೆ ತಂದು ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ.

ಎದೆ ಉರಿಗೆ ಇದು ಒಳ್ಳೆಯದು, ಸಕ್ಕರೆ ಕಾಯಿಲೆಗೆ ತುಂಬಾ ಒಳ್ಳೆಯದು. ಆದರೆ ಈ ಪುಟ್ಟ ಚೀಲಕ್ಕೂ ನಮ್ಮ ಊಟಕ್ಕೂ ಸ್ವಲ್ಪ ಜಗಳ ಇದೆ. ಇಲ್ಲಿ ಮಂಡ್ಯ, ತುಮಕೂರು ಕಡೆಯವರು ಇದ್ದೀರಿ. ಮುದ್ದೆಯನ್ನು ಅಗಿಯುತ್ತೀರಾ? ಇಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಬೈಪಾಸ್ ಆದವರು ಮುದ್ದೆ ಹಾಗೆ ನುಂಗಿದರೆ ಜೋಡಣೆಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬ ರೈತರು ಆಪರೇಷನ್ ಆಗಿ ಎರಡು ತಿಂಗಳಿಗೆ ತೋರು ಬೆರಳ ಗಾತ್ರದ ಒಂದು ತುತ್ತು ನುಂಗಿ, ಎದೆ ಹಿಡಿದುಕೊಂಡು, ಜೊಲ್ಲು ಸುರಿಸುತ್ತ ಬಂದಿದ್ದರು. ಹೃದಯಾಘಾತ ಅಂತ ಇಸಿಜಿ ಮಾಡಿಸಿದೆವು. ಅಷ್ಟರಲ್ಲಿ ಒಂದು ಸಲ ವಾಂತಿ ಆಯಿತು, ನೋವು ಹೋಯಿತು. ಈಗ ಅವರು ಮುದ್ದೆಯನ್ನು ಅಗಿದೇ ತಿನ್ನುತ್ತಾರೆ. "ಊರಲ್ಲಿ ಯಾರ ಮುಂದೆಯೂ ಊಟಕ್ಕೆ ಕೂರಲ್ಲ ಸಾರ್, ನಾಚಿಕೆ" ಅನ್ನುತ್ತಾರೆ.

ಹೋಳಿಗೆ ಇನ್ನೊಂದು. ಸಿಹಿ ನೇರವಾಗಿ ಕರುಳಿಗೆ ಸುರಿದಾಗ ಎದೆ ಡವಗುಟ್ಟುತ್ತದೆ, ಬೆವರು, ಹೊಟ್ಟೆ ತೊಳಸುವುದು, ಬೇಧಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಯುಗಾದಿ ಮಾರನೇ ದಿನ ನನ್ನ ಫೋನು ಸುಮ್ಮನಿರುವುದಿಲ್ಲ. ಪ್ರಾಣಾಪಾಯ ಇಲ್ಲ, ಒಂದು ಸಲ ಆದವರು ಎರಡನೇ ಹೋಳಿಗೆಗೆ ಕೈ ಹಾಕುವುದಿಲ್ಲ. ಅದು ಅಪಾಯವೋ ಲಾಭವೋ ನೀವೇ ಹೇಳಿ.

ನಿಜವಾದ ಅಪಾಯಗಳು ಬೇರೆ. ಜೋಡಣೆಯ ಜಾಗದಲ್ಲಿ ಹುಣ್ಣಾಗುವುದು ಒಂದು. ಬೀಡಿ ಸಿಗರೇಟು ಸೇದುವವರಿಗೆ, ಮಂಡಿ ನೋವಿಗೆ ಬ್ರುಫೆನ್, ಡೈಕ್ಲೋಫೆನಾಕ್ ನುಂಗುವವರಿಗೆ ಇದು ಕಾದು ಕೂತಿರುತ್ತದೆ. ರಕ್ತಸ್ರಾವ ಆಗಬಹುದು, ತೂತೇ ಬೀಳಬಹುದು. ದಪ್ಪ ಇರುವವರಿಗೆ ಮಂಡಿ ನೋವು ಇಲ್ಲದೆ ಇರುತ್ತದಾ? ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಚೀಟಿ ಇಲ್ಲದೆ ಕೊಡುತ್ತಾರೆ. ನಮ್ಮಲ್ಲಿ ಬೈಪಾಸ್‌ನ ದೊಡ್ಡ ಶತ್ರು ಆ ಕೌಂಟರ್ ಅಂತ ನಾನು ತಮಾಷೆಗೆ ಹೇಳುವುದಲ್ಲ.

ಇನ್ನೊಂದು, ಕರುಳು ಒಳಗೇ ಸಿಕ್ಕಿಕೊಳ್ಳುವುದು. ಕರುಳನ್ನು ಮೇಲೆ ತಂದು ಜೋಡಿಸಿದಾಗ ಹಿಂದೆ ಕಿಂಡಿಗಳು ಉಳಿಯುತ್ತವೆ. ಸರ್ಜನ್ ಹೊಲಿದಿರುತ್ತಾರೆ. ಆದರೆ ಐವತ್ತು ಕೆಜಿ ಇಳಿದಾಗ ಒಳಗಿನ ಕೊಬ್ಬೂ ಕರಗಿ ಕಿಂಡಿ ದೊಡ್ಡದಾಗುತ್ತದೆ. ವರ್ಷ ಎರಡು ವರ್ಷ ಆದಮೇಲೆ ಊಟವಾದ ತಕ್ಷಣ ಹಿಂಡುವ ನೋವು ಬರುವುದು, ಹೋಗುವುದು. ಊರಿನ ಡಾಕ್ಟರು ಗ್ಯಾಸ್ ಮಾತ್ರೆ ಕೊಡುತ್ತಾರೆ. ಅವರ ತಪ್ಪಲ್ಲ, ಮುಂದೆ ಕೂತವರು ತೆಳ್ಳಗೆ ಇದ್ದಾರೆ, ಹಳೆಯ ಆಪರೇಷನ್ ಬಗ್ಗೆ ಬಾಯಿ ಬಿಟ್ಟಿರುವುದಿಲ್ಲ. ಸಂಬಂಧ ನೋಡುವ ಮನೆಯಲ್ಲಿ ಮುಚ್ಚಿಟ್ಟದ್ದನ್ನು ಡಾಕ್ಟರ ಹತ್ತಿರವೂ ಮುಚ್ಚಿಡುವ ಹೆಣ್ಣುಮಕ್ಕಳಿದ್ದಾರೆ. ಸಿಕ್ಕಿದ ಕರುಳಿಗೆ ರಕ್ತ ನಿಂತರೆ ಗಂಟೆಗಳ ಲೆಕ್ಕ.

ಆಮೇಲೆ ಮಾತ್ರೆಗಳು. ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ವಿಟಮಿನ್. ಆಯಸ್ಸು ಇರುವ ತನಕ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಎರಡು ಗಂಟೆ ಅಂತರ ಬೇಕು. ಕಾಫಿ, ಟೀ ಕುಡಿದೂ ಕಬ್ಬಿಣ ನುಂಗಬಾರದು. ಬೆಳಿಗ್ಗೆ ಕಾಫಿ ಬಿಡದವರಿಗೆ ಈ ಟೈಮ್ ಟೇಬಲ್ ಹಾಕುವುದೇ ನನ್ನ ಅರ್ಧ ಕೆಲಸ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಅನ್ನ, ತಿಳಿಸಾರು, ಉಪ್ಪಿನಕಾಯಿ ಊಟದಲ್ಲಿ ಅದು ಎಲ್ಲಿಂದ ಬರಬೇಕು? ಮುಟ್ಟಾದಾಗ ರಕ್ತ ಜಾಸ್ತಿ ಹೋಗುವ ಸಸ್ಯಾಹಾರಿ ಹೆಂಗಸರು ಬೈಪಾಸ್ ಮಾಡಿಸಿಕೊಂಡರೆ ಹಿಮೋಗ್ಲೋಬಿನ್ 7ಕ್ಕೆ ಇಳಿಸಿಕೊಂಡು ಬರುವುದು ನಾನು ನೋಡುತ್ತಲೇ ಇರುವ ಚಿತ್ರ.

ವಿಟಮಿನ್ ಅಂದರೆ ಸಣ್ಣ ವಿಷಯ ಅನ್ನಬೇಡಿ. ಒಬ್ಬ ಹುಡುಗ, ಇನ್ನೂ ಮೂವತ್ತು ಆಗಿರಲಿಲ್ಲ, ಸ್ಲೀವ್ ಮಾಡಿಸಿಕೊಂಡಿದ್ದ. ಮೂರು ವಾರ ಬಿಡದೆ ವಾಂತಿ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿಸಿದರು, ಎರಡು ದಿನ. ನನ್ನ ಹತ್ತಿರ ಬಂದಾಗ ಅಪ್ಪ ತೋಳು ಹಿಡಿದುಕೊಂಡಿದ್ದರು. ಕುಡಿದವನ ಹಾಗೆ ಕಾಲು ಅಗಲ ಮಾಡಿ ತೂರಾಡುತ್ತಿದ್ದ. ನನ್ನ ಪೆನ್ನು ಹಿಡಿದು "ಎಷ್ಟಿದೆ?" ಅಂದೆ. "ಎರಡು" ಅಂದ. ಇದು ಬಿ1, ಥಯಾಮಿನ್ ಖಾಲಿಯಾದ ಲಕ್ಷಣ. ದೇಹದಲ್ಲಿ ಅದರ ದಾಸ್ತಾನು ಇರುವುದೇ ಎರಡು ಮೂರು ವಾರಕ್ಕೆ. ಖಾಲಿಯಾದ ದೇಹಕ್ಕೆ ಗ್ಲೂಕೋಸ್ ಕೊಟ್ಟರೆ ಉಳಿದ ಚೂರೂ ಖರ್ಚಾಗಿ ಮಿದುಳು ಕುಸಿಯುತ್ತದೆ. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ಇಂಜೆಕ್ಷನ್ ಕೊಟ್ಟ ಕೆಲವೇ ದಿನದಲ್ಲಿ ಕಣ್ಣು ಸರಿಹೋಯಿತು. ನೆಟ್ಟಗೆ ನಡೆಯಲು ಐದು ತಿಂಗಳು ಬೇಕಾಯಿತು. ಗಮನಿಸಿ, ಅವನದು ಬೈಪಾಸ್ ಅಲ್ಲ. "ಸ್ಲೀವ್‌ಗೆ ವಿಟಮಿನ್ ತೊಂದರೆ ಇಲ್ಲ" ಅಂತ ಯಾರೋ ಅವನಿಗೆ ಹೇಳಿ ಕಳಿಸಿದ್ದರು.

ಮಿನಿ ಬೈಪಾಸ್ ಬಗ್ಗೆ ಎರಡು ಮಾತು, ನಮ್ಮ ದೇಶದಲ್ಲಿ ಅದು ಜೋರಾಗಿ ನಡೆಯುತ್ತದೆ. ಮಾಮೂಲಿ ಬೈಪಾಸ್‌ನ ಎರಡು ಜೋಡಣೆಯ ಬದಲು ಇದರಲ್ಲಿ ಒಂದೇ. ಆಪರೇಷನ್ ಸುಲಭ, ತೂಕ ಚೆನ್ನಾಗಿ ಇಳಿಯುತ್ತದೆ. ಆದರೆ ಹೆಸರು ಮಿನಿ ಅಂತ ಅಪಾಯವೂ ಮಿನಿ ಅಂದುಕೊಳ್ಳಬೇಡಿ. ಫ್ರಾನ್ಸ್‌ನಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ತೂಕದಲ್ಲಿ ಮಿನಿ ಹಿಂದೆ ಬೀಳಲಿಲ್ಲ. ಆದರೆ ಆಪರೇಷನ್‌ಗೆ ಸಂಬಂಧಿಸಿದ ಗಂಭೀರ ತೊಂದರೆಗಳು ಮಿನಿಯಲ್ಲಿ 42, ಮಾಮೂಲಿ ಬೈಪಾಸ್‌ನಲ್ಲಿ 24. ಆ 42ರಲ್ಲಿ 9 ಪೋಷಣೆ ಕೊರತೆಯವು, ಬೈಪಾಸ್‌ನಲ್ಲಿ ಅಂಥದ್ದು ಒಂದೂ ಇಲ್ಲ. ಅಲ್ಲಿ 200 ಸೆಂಟಿಮೀಟರ್ ಕರುಳು ಬದಿಗಿಟ್ಟಿದ್ದರು. ಹಾಗಾಗಿ ಮಿನಿ ಅಂದರೆ ಸರ್ಜನ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಸೆಂಟಿಮೀಟರ್ ಸಾರ್? ಪಿತ್ತ ಮೇಲೆ ಬರುವ ತೊಂದರೆಯೂ ಇದರಲ್ಲಿ ಉಂಟು.

ಬಲೂನು ಆಪರೇಷನ್ನೇ ಅಲ್ಲ. ಬಾಯಿಂದ ಒಳಗೆ ಇಳಿಸಿ ನೀಲಿ ಬಣ್ಣ ಬೆರೆಸಿದ ಉಪ್ಪುನೀರು ತುಂಬಿಸುತ್ತಾರೆ. ಎಲ್ಲಾದರೂ ಸೋರಿದರೆ ಮೂತ್ರ ನೀಲಿ ಹಸಿರು ಬರಲಿ ಅಂತ ಆ ಬಣ್ಣ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯಬೇಕು. ತೆಗೆದ ಮೇಲೆ ತೂಕ ವಾಪಸ್ ಬರುವುದೇ ಜಾಸ್ತಿ. ಅದೂ ಪೂರ್ತಿ ನಿರಪಾಯವಲ್ಲ, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಲೂನು ಹಾಕಿದ ನಂತರದ 5 ಸಾವುಗಳ ಬಗ್ಗೆ ಡಾಕ್ಟರಿಗೆಲ್ಲ ಎಚ್ಚರಿಕೆ ಬರೆಯಿತು. ಮದುವೆಗೆ ಮುಂಚೆ ಹದಿನೈದು ಕೆಜಿ ಇಳಿಸಬೇಕು ಅಂತ ಬಲೂನು ಕೇಳಿ ಬಂದವರಿಗೆ ನಾನು ಬೇಡ ಅನ್ನುತ್ತೇನೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಆಗಲೇ ಇಬ್ಬರು ಕೈ ಎತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ನಮ್ಮಲ್ಲಿ ಬಂತು, ಜೂನ್‌ನಲ್ಲಿ ತೂಕಕ್ಕೆಂದೇ ಸೆಮಾಗ್ಲುಟೈಡ್. ಒಳ್ಳೆಯ ಔಷಧಿಗಳು. 90 ಕೆಜಿಯವರು ಮೊದಲು ಅದನ್ನು ನೋಡುವುದರಲ್ಲಿ ಅರ್ಥವಿದೆ. ಆದರೆ ನಿಲ್ಲಿಸಿದರೆ ತೂಕ ಏರುತ್ತದೆ. ಬಹುಕಾಲ ಹಾಕಿಸುತ್ತ ಇರಬೇಕಾಗುತ್ತದೆ ಅನ್ನುವ ಲೆಕ್ಕದಲ್ಲೇ ಖರ್ಚು ಕೂಡಿಸಿ ನೋಡಿ.

ಇಷ್ಟು ಕೇಳಿ ಹೆದರಿ ಕೂತಿದ್ದೀರಿ, ನನಗೆ ಕಾಣುತ್ತಿದೆ. ತಕ್ಕಡಿಯ ಇನ್ನೊಂದು ತಟ್ಟೆ ಇಡದಿದ್ದರೆ ಮೋಸವಾಗುತ್ತದೆ. ಏನೂ ಮಾಡದೆ ಇರುವುದಕ್ಕೂ ಅಪಾಯ ಇದೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡ 2,010 ಜನರನ್ನೂ ಮಾಡಿಸಿಕೊಳ್ಳದ 2,037 ಜನರನ್ನೂ ಸರಾಸರಿ ಹನ್ನೊಂದು ವರ್ಷ ನೋಡಿದರು. ಮೊದಲ 90 ದಿನಗಳಲ್ಲಿ ಆಪರೇಷನ್ ಕಡೆ 5 ಸಾವು, ಆ ಕಡೆ 2. ಅಲ್ಲಿಗೇ ನಿಲ್ಲಿಸಿದರೆ ಆಪರೇಷನ್ ಸೋತಿತು. ಹನ್ನೊಂದು ವರ್ಷದ ಲೆಕ್ಕದಲ್ಲಿ ಆಪರೇಷನ್ ಕಡೆ 101, ಆ ಕಡೆ 129. ಬಿಎಂಐ 45, ಸಕ್ಕರೆ 300, ರಾತ್ರಿ ಮಲಗಿದರೆ ಉಸಿರು ಕಟ್ಟುವ ಮನುಷ್ಯನಿಗೆ "ಆಪರೇಷನ್ ಅಪಾಯ, ವಾಕಿಂಗ್ ಮಾಡಿ" ಅಂತ ಹೇಳಿ ಕಳಿಸುವ ಡಾಕ್ಟರ ಮಾತು ನನಗೆ ಒಪ್ಪಿಗೆಯಿಲ್ಲ. ಅಪಾಯ ಎಲ್ಲೂ ಹೋಗಿರುವುದಿಲ್ಲ, ಅವನ ಜೊತೆ ಮನೆಗೆ ನಡೆದಿರುತ್ತದೆ.

ಸರಿ, ಚೀಟಿ. ಬರೆದವರು ಎದ್ದು ನಿಲ್ಲಿ. ಓ, ಕಂಬದ ಪಕ್ಕದವರು. ರಾತ್ರಿ ಮಲಗಿದಾಗ ಹುಳಿನೀರು ಬಾಯಿಗೆ ಬರುತ್ತದಾ?

"ಬರುತ್ತೆ ಸಾರ್. ಎರಡು ದಿಂಬು ಇಟ್ಟು ಮಲಗ್ತೀನಿ."

ಕೇಳಿದಿರಲ್ಲ. ಇವರಿಗೆ ಸ್ಲೀವ್ ಅಂದವರು ಈ ಒಂದು ಪ್ರಶ್ನೆ ಕೇಳಿರಲಿಕ್ಕಿಲ್ಲ. ಹಾಗಾದರೆ ಬೈಪಾಸಾ? ಸಿಗರೇಟ್ ಇದೆಯಾ?

"ದಿನಕ್ಕೆ ಆರು."

ಮಂಡಿ ನೋವು?

ನೋಡಿ, ಅಂಗಿ ಜೇಬಿನಿಂದಲೇ ಮಾತ್ರೆ ಪಟ್ಟಿ ತೆಗೆದರು. ಅರ್ಧ ಖಾಲಿ. ಈಗ ಬೈಪಾಸ್ ಮಾಡಿದರೆ ವರ್ಷದೊಳಗೆ ಹುಣ್ಣು ಹಿಡಿದುಕೊಂಡು ಬರುತ್ತಾರೆ ಅನ್ನುವ ಹೆದರಿಕೆ ನನಗಿದೆ. ನೀವು ಮೊದಲು ಎಂಡೋಸ್ಕೋಪಿ ಮಾಡಿಸಿ. ಸಿಗರೇಟ್ ನಿಲ್ಲಿಸಿ ಕನಿಷ್ಠ ಆರು ವಾರ ಕಳೆಯಲಿ. ಆಮೇಲೆ ಸರ್ಜನ್ ಹತ್ತಿರ ಕೂತು ಬೈಪಾಸ್ ಮಾತಾಡಿ.

"ಆಪರೇಷನ್ ಆದ್ಮೇಲೆ ಸೇದಬಹುದಾ ಸಾರ್?"

ನಗಬೇಡಿ ಯಾರೂ, ಎಲ್ಲರೂ ಕೇಳುವ ಪ್ರಶ್ನೆಯೇ. ಇಲ್ಲ, ಆಮೇಲೂ ಇಲ್ಲ. ಆ ಮಾತ್ರೆ ಪಟ್ಟಿ ಇಲ್ಲಿ ಕೊಡಿ. ಸಭೆ ಮುಗಿದ ಮೇಲೆ ಬನ್ನಿ, ಮಂಡಿಗೆ ಬೇರೆ ಏನಾದರೂ ನೋಡೋಣ.